ತೆಗೆದಿಟ್ಟ ಕಾರಿನ ಎಣ್ಣೆ

ಕೆಂಪು ಗಿಂಡಿ ಮೊದಲು ಕಂಡದ್ದು ನನಗಲ್ಲ, ನಮ್ಮ ಮನೆಯವರಿಗೆ.

ಅವರ ಬಾಯಿ ಒಂದು ಕಡೆ ವಾಲಿತ್ತು. ಬಲಗೈ ತೊಡೆಯ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ಮಾತು ಹೋಗಿತ್ತು. ಮಗ ಮಹೇಶ ಕಾರನ್ನು ಮಣಿಪಾಲದ ಕಡೆ ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಕೂತು ನಾನು ಇವರ ತಲೆ ಹಿಡಿದುಕೊಂಡಿದ್ದೆ. ಮುರ್ಡೇಶ್ವರದ ಕ್ರಾಸ್ ದಾಟಿದ ಮೇಲೆ ಇವರು ಎಡಗೈ ಎತ್ತಿ ಸ್ಟೇರಿಂಗ್ ಹತ್ತಿರ ತೋರಿಸಿದರು.

ಅಲ್ಲಿ ಸಣ್ಣ ಕೆಂಪು ದೀಪ. ದೇವರ ಕೋಣೆಯ ಗಿಂಡಿಯದೇ ಆಕಾರ. ಮೂತಿಯಿಂದ ಒಂದು ಹನಿ ಬೀಳುತ್ತಿರುವ ಚಿತ್ರ.

"ಮಹೇಶಾ, ಅದೆಂತದು ಕೆಂಪು?"

"ಆಯಿಲ್ ಲೈಟು. ಸುಮ್ನೆ ಕೂತ್ಕೊ ಅಮ್ಮಾ."

"ಆಯಿಲ್ ಇಲ್ವಾ ಹಾಗಾದ್ರೆ?"

"ಅದೆ. ಸಿಂಥೆಟಿಕ್ ಅದೆ. ಭಟ್ಕಳ ಬಂತು, ಆಗ್ತದೆ."

ಆಗಲಿಲ್ಲ. ಮುಂದೆ ಎಲ್ಲೋ ಕಾರಿನ ಹೊಟ್ಟೆಯೊಳಗೆ ಒನಕೆ ಕುಟ್ಟಿದ ಹಾಗೆ ಸದ್ದು ಶುರುವಾಯಿತು. ಆಮೇಲೆ ಸದ್ದೂ ನಿಂತಿತು. ಕಾರೂ ನಿಂತಿತು. ನಾಲ್ಕು ಪಥದ ಹೈವೇ, ಉರಿಬಿಸಿಲು, ಬದಿಯಲ್ಲಿ ನಾವು.

ಇದು ಆದದ್ದು ಹೋದ ಬೇಸಿಗೆಯಲ್ಲಿ. ಇಷ್ಟು ದಿನ ಈ ಅಂಕಣದಲ್ಲಿ ಬರೆದಿರಲಿಲ್ಲ. ಉಪ್ಪಿನಕಾಯಿ, ಸೊಸೆ, ಬಸ್‌ಸ್ಟ್ಯಾಂಡು, ಮೊಬೈಲು ಅಂತ ಬರೆದು ನಿಮ್ಮನ್ನು ನಗಿಸಿದ್ದೇನೆ. ಈ ವಾರ ನಗಿಸುವುದಿಲ್ಲ.

ಹೊಸ ಓದುಗರಿಗೆ ಒಂದು ಮಾತು. ನಮ್ಮ ಮನೆಯವರು ಹೊನ್ನಾವರದಲ್ಲಿ ಟೇಲರ್. ಈ ಊರಿನ ಅರ್ಧ ಮದುಮಕ್ಕಳು ಅವರು ಹೊಲಿದ ಅಂಗಿ ಹಾಕಿಕೊಂಡೇ ಹಸೆಮಣೆ ಹತ್ತಿದ್ದು. ಅವರಿಗೆ ಮೊದಲೊಮ್ಮೆ ಸಣ್ಣದಾಗಿ ಸ್ಟ್ರೋಕ್ ಆಗಿತ್ತು. ಎರಡು ದಿನ ನಾಲಿಗೆ ತೊದಲಿ ಸರಿಯಾಯಿತು. ಕೈಗೆ ಏನೂ ಆಗಿರಲಿಲ್ಲ. ಆಗ ಡಾಕ್ಟರು ಮಹೇಶನನ್ನು ಕರೆದು ಹೇಳಿದ್ದರು: "ಇನ್ನೊಂದು ಸಲ ಹೀಗೆ ಕಂಡರೆ ಕಷಾಯ, ಎಣ್ಣೆ ತಿಕ್ಕುವುದು ಅಂತ ಕೂರಬೇಡಿ. ಎಷ್ಟು ಬೇಗ ಕರಕೊಂಡು ಬರ್ತೀರೋ ಅಷ್ಟು ಕೈ ಉಳಿತದೆ."

ಟೇಲರಿಗೆ ಕೈ ಅಂದರೆ ಎಂತ ಅಂತ ನಾನು ಬೇರೆ ಹೇಳಬೇಕಾ?

ಅದಕ್ಕೇ ಕಾರು ಬಂತು. ಸೆಕೆಂಡ್ ಹ್ಯಾಂಡ್, ಬಿಳಿಯದು. ನಮ್ಮ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಬಂದರೆ ಮಣಿಪಾಲವೋ ಮಂಗಳೂರೋ ಅಂತ ಓಡಬೇಕು. (ಇದನ್ನು ಎಷ್ಟು ಸಲ ಬರೆದರೂ ಓದಬೇಕಾದವರು ಓದುವುದಿಲ್ಲ.) ಅಪ್ಪನಿಗೆ ಅಂತಲೇ ಕಾರು ತಂದ ಮಗ ಅದಕ್ಕೆ ಹಾಕುವ ಎಣ್ಣೆಯಲ್ಲಿ ಹಿಂದೆ ಬೀಳುತ್ತಾನಾ? ಅಂಗಡಿಯವನು ಹೇಳಿದನಂತೆ, "ಮಾಮೂಲಿ ಆಯಿಲ್ ಬೇಡ. ಫುಲ್ ಸಿಂಥೆಟಿಕ್ ಹಾಕ್ಸಿ. ಹದಿನೈದು ಸಾವಿರ ಕಿಲೋಮೀಟರ್ ತನಕ ತಲೆಬಿಸಿ ಇಲ್ಲ."

ಮಹೇಶ ಮನೆಗೆ ಬಂದು ಅಪ್ಪನಿಗೆ ಪಾಠ ಮಾಡಿದ. ಇದು ಬೇಗ ಸುಡುವುದಿಲ್ಲ, ಬೇಗ ದಪ್ಪ ಆಗುವುದಿಲ್ಲ, ಎಂಜಿನನ್ನು ಒಳಗಿಂದ ತೊಳೆಯುತ್ತದೆ. ಇವರ ಕಿವಿಗೆ ಬಿದ್ದದ್ದು ಒಂದೇ ಮಾತು: ಹದಿನೈದು ಸಾವಿರ.

ಅಂದಿನಿಂದ ಕಾರು ದೇವರಾಯಿತು.

ಇವರದು ಮೊದಲಿಂದಲೂ ಹಾಗೇ. ಒಳ್ಳೆಯದನ್ನು ತೆಗೆದಿಡುವುದು. ಕಪಾಟಿನಲ್ಲಿ ಇವರ ಶರ್ಟಿನ ಬಟ್ಟೆಗಳು ಮಡಿಕೆ ಬಿಚ್ಚದೆ ಕೂತಿವೆ. ಮಗಳ ಮದುವೆಗೆ ಯಾರೋ ಉಡುಗೊರೆ ಕೊಟ್ಟ ತಿಳಿನೀಲಿ ಬಟ್ಟೆ ಅದರಲ್ಲೊಂದು. ಮಗಳಿಗೆ ಕಾಲೇಜಿಗೆ ಹೋಗುವ ಮಕ್ಕಳಿದ್ದಾರೆ, ಬಟ್ಟೆ ಇನ್ನೂ ಶರ್ಟ್ ಆಗಿಲ್ಲ. ಊರಿಗೆಲ್ಲ ಹೊಲಿದವರು ತಮಗೆ ಮಾತ್ರ ಹಳೆಯದೇ ಸಾಕು ಅಂದವರು. ಇಂಥವರ ಕೈಗೆ ಕಾರು ಸಿಕ್ಕಿದರೆ?

ಬೆಳಿಗ್ಗೆ ಹಲ್ಲುಜ್ಜಿ ಕಾರಿನ ಹೊದಿಕೆ ತೆಗೆಯುವುದು. ಕೀಲಿ ತಿರುಗಿಸುವುದು. ನಿಂತಲ್ಲೇ ಬುರ್ ಅನ್ನಿಸುವುದು. ನಾನು "ಚಾ ಆತು" ಅಂತ ಕೂಗಿದರೆ ಬಂದ್ ಮಾಡಿ, ಹೊದಿಕೆ ಹೊದಿಸಿ ಬರುವುದು. ಅಷ್ಟೇ ಕಾರಿನ ಕೆಲಸ. ಮಹೇಶ ಆಫೀಸಿಗೆ ಬೈಕಿನಲ್ಲಿ ಹೋದ. ಸೊಸೆ ಮಳೆಯಲ್ಲಿ ಕೊಡೆ ಹಿಡಿದು ಬಸ್ಸಿಗೆ ಓಡಿದಳು. ಪೇಟೆಗೆ ಒಂದು ಸಲ ಒಯ್ಯುತ್ತೇನೆ ಅಂತ ಮಹೇಶ ಅಂದರೆ ಇವರು, "ಅದು ಆಸ್ಪತ್ರೆಗೆ ಅಂತ ಇಟ್ಟದ್ದು. ನಿಂಗೆ ಟೊಮೆಟೊ ತರೂಕೆ ಅಲ್ಲ."

ಪಕ್ಕದ ಮನೆಯ ಮೋಹಿನಿ ಬೇಲಿಯಿಂದಲೇ ಕೇಳುತ್ತಿದ್ದಳು. ಅವಳ ಮಗ ಟ್ಯಾಕ್ಸಿ ಓಡಿಸುತ್ತಾನೆ.

"ಟೇಲರಣ್ಣಾ, ಕಾರಿನ ಬಾಗಿಲು ಹೊಲಿದು ಬಿಟ್ಯಾ ಎಂತ? ಹೊರಗೆ ಬರೂದೇ ಕಾಣೆ!"

"ನಿನ್ನ ಮಗನ ಗಾಡಿ ಹಾಗೆ ಊರು ಸುತ್ತೂಕೆ ಇಟ್ಟದ್ದಲ್ಲ ಇದು. ಒಂದು ದಿನಕ್ಕೆ ಬೇಕಾತದೆ."

ಆಯುಧಪೂಜೆಗೆ ಕಾರಿಗೆ ಸೇವಂತಿಗೆ ಹಾರ. ಬಾನೆಟ್ ಮೇಲೆ ಕುಂಕುಮ. ಚಕ್ರದ ಕೆಳಗೆ ನಿಂಬೆಹಣ್ಣು. ಬೂದುಗುಂಬಳಕಾಯಿ ಒಡೆದದ್ದೂ ಆಯಿತು. ಬಾನೆಟ್ ಎತ್ತಿ ಒಳಗೆ ನೋಡಿದವರು ಯಾರೂ ಇಲ್ಲ. ಒಮ್ಮೆ ಸರ್ವೀಸ್ ಸೆಂಟರಿನಿಂದ ಮಹೇಶನಿಗೆ ಫೋನ್ ಬಂತು: ವರ್ಷ ಆಯಿತು, ಆಯಿಲ್ ಬದಲಿಸಿ. ಇವರಿಗೆ ನಗು. "ಅವ್ರದ್ದು ವ್ಯಾಪಾರ ಮಾರಾಯ. ಸಾವಿರ ಕಿಲೋಮೀಟರೂ ಓಡಲಿಲ್ಲ. ಒಳ್ಳೆ ಎಣ್ಣೆ ಚೆಲ್ಲೂಕೆ ನಂಗೆ ಮಂಡೆ ಸರಿ ಇಲ್ವಾ?"

ನಮಗೆಲ್ಲ ಆ ಮಾತು ಸರಿ ಅಂತಲೇ ಕಂಡಿತು. ಓಡದ ಗಾಡಿಯ ಎಣ್ಣೆ ಹೇಗೆ ಹಾಳಾಗುತ್ತದೆ?

ಹೀಗೆ ಮೂರು ಮಳೆಗಾಲ ಹೋಯಿತು.

ಆ ದಿನ ಊಟಕ್ಕೆ ಕೂತಾಗ ಇವರ ಕೈಯಿಂದ ಮಜ್ಜಿಗೆ ಲೋಟ ಜಾರಿತು. ಮುಖ ನೋಡಿದೆ, ಗೊತ್ತಾಯಿತು. ಮಹೇಶನ ಕೂಗು ಕೇಳಿ ಮೋಹಿನಿ ಓಡಿ ಬಂದಳು.

"ನಮ್ಮ ಹುಡುಗ ಮನೇಲೇ ಅದಾನೆ, ಗಾಡಿ ಅಂಗಳದಲ್ಲೇ ಅದೆ. ಹತ್ತಿಸಿ, ಹೊರಡಿ."

"ಬೇಡ ಚಿಕ್ಕಮ್ಮ, ನಮ್ದೇ ಕಾರು ಅದೆ" ಅಂದ ಮಹೇಶ.

108ಕ್ಕೆ ಫೋನ್ ಮಾಡುವುದು ಯಾರಿಗೂ ನೆನಪಾಗಲಿಲ್ಲ. ಯಾಕೆ ಆಗಬೇಕು? ಈ ದಿನಕ್ಕೆ ಅಂತಲೇ ಕಾರು ಇತ್ತಲ್ಲ. ಹೊದಿಕೆ ಎಳೆದು ಬಿಸಾಡಿದೆವು. ಶರಾವತಿ ಸೇತುವೆಯ ಮೇಲೆ ಕಾರು ಎಷ್ಟು ಚೆಂದ ಓಡಿತು ಗೊತ್ತಾ? ಇವರು ಕಾದದ್ದು ಸಾರ್ಥಕ ಆಯಿತು ಅಂತ ನಾನು ಮನಸ್ಸಿನಲ್ಲಿ ಅಂದುಕೊಂಡೆ.

ಆಮೇಲಿನದು ಹೇಳಿದ್ದೇನೆ.

ಹೈವೇ ಬದಿಯಲ್ಲಿ ಮಹೇಶ ಎರಡೂ ಕೈ ಬೀಸುತ್ತ ನಿಂತ. ಗಾಡಿಗಳು ಗಾಳಿ ಬೀಸಿಕೊಂಡು ಹೋದವು. 108ಕ್ಕೆ ಈಗ ಫೋನ್ ಮಾಡಿದ. ಗಾಡಿ ಬೇರೆ ಕಡೆ ಹೋಗಿದೆ, ಬರುತ್ತದೆ, ಕಾಯಿರಿ ಅಂದರು. ನಾನು ಸೆರಗಿನಿಂದ ಇವರಿಗೆ ಗಾಳಿ ಹಾಕುತ್ತಿದ್ದೆ. ಇವರು ಆ ಕೆಂಪು ದೀಪ ಇದ್ದ ಜಾಗವನ್ನೇ ನೋಡುತ್ತಿದ್ದರು.

ಕಡೆಗೆ ಒಂದು ಕಾರು ಹಿಂದಕ್ಕೆ ಬಂತು. ಮುಂದೆ ಹೋಗಿಬಿಟ್ಟವನು ನಮ್ಮನ್ನು ಕನ್ನಡಿಯಲ್ಲಿ ನೋಡಿ ರಿವರ್ಸ್ ಬಂದಿದ್ದ. ಭಟ್ಕಳದವನು. ಹೊನ್ನಾವರದಲ್ಲಿ ಕೆಲಸ ಮುಗಿಸಿ, ದುಬೈಯಿಂದ ಬರುವ ತಮ್ಮನನ್ನು ಕರೆತರಲು ಮಂಗಳೂರು ಏರ್‌ಪೋರ್ಟಿಗೆ ಹೊರಟಿದ್ದಾನೆ.

"ಅಮ್ಮಾ, ಬೇಗ ಹತ್ತಿಸಿ, ಬೇಗ."

"ನಿನ್ನ ತಮ್ಮ ಕಾಯ್ತಾ ಇರ್ತಾನಲ್ಲೋ" ಅಂದೆ.

"ಅವನಿಗೆ ಕಾಲು ಗಟ್ಟಿ ಇದೆ. ನಿಲ್ಲಲಿ."

ಆ ಪುಣ್ಯಾತ್ಮ ಮಣಿಪಾಲದ ತನಕ ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, ಎಷ್ಟು ಹೊತ್ತಿಗೆ ಶುರುವಾಯಿತು ಅಂತ. ಮಹೇಶ ಹೇಳಿದ. ಅವರು ಗಡಿಯಾರ ನೋಡಿದರು. ಒಂದು ಇಂಜೆಕ್ಷನ್ ಇದೆಯಂತೆ, ಅದನ್ನು ಕೊಡುವ ಹೊತ್ತು ಮೀರಿತ್ತು. ಜೀವ ಉಳಿಯಿತು. ಮಾತು ಅರ್ಧ ಬಂತು. ಬಲಗೈ ಬರಲಿಲ್ಲ.

"ದಾರಿಯಲ್ಲಿ ನಿಲ್ಲದೆ ಬಂದಿದ್ದರೆ ಕೈ ಉಳೀತಿತ್ತಾ?" ನಾನು ನೇರ ಕೇಳಿದೆ.

"ಖಂಡಿತ ಅಂತ ಹೇಳಲಿಕ್ಕೆ ಆಗುವುದಿಲ್ಲಮ್ಮಾ" ಅಂದರು.

ನಾನೂ ಹೇಳುವುದಿಲ್ಲ. ಆದರೆ ಕೇಳುವುದನ್ನು ಬಿಟ್ಟಿಲ್ಲ.

ಕಾರನ್ನು ಭಟ್ಕಳದ ಗ್ಯಾರೇಜಿಗೆ ಎಳೆದುಕೊಂಡು ಹೋಗಿದ್ದರು. ಇವರನ್ನು ಮನೆಗೆ ತಂದ ಮೇಲೆ ಮಹೇಶ ನೋಡಲು ಹೊರಟ. ನಾನೂ ಹೋದೆ. ಮೆಕ್ಯಾನಿಕ್ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತಂದು ತೋರಿಸಿದ. ಒಳಗೆ ಬೆಣ್ಣೆ ಹಿಡಿದ ಹಾಗೆ ಬಿಳಿ. ತಳದಿಂದ ತೆಗೆದ ಎಣ್ಣೆ ಡಬ್ಬಿಯಲ್ಲಿತ್ತು. ನಮ್ಮ ಕಡೆಯ ಜೋನಿಬೆಲ್ಲ, ಆ ಪಾಕದಂಥ ಬೆಲ್ಲ, ನೋಡಿದ್ದೀರಲ್ಲ, ಅದೇ. ಕಪ್ಪು. ಕಡ್ಡಿ ಅದ್ದಿ ಎತ್ತಿದರೆ ನೂಲಿನ ಹಾಗೆ ಇಳಿಯುತ್ತಿತ್ತು.

"ಸಿಂಥೆಟಿಕ್ ಹಾಕಿದ್ದೆ" ಅಂದ ಮಹೇಶ, ಸಣ್ಣ ದನಿಯಲ್ಲಿ.

"ಹಾಕಿದ್ರಿ. ತೆಗೆಯಲೇ ಇಲ್ವಲ್ಲ ಸಾಹೇಬ್ರೇ."

ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಎಂಜಿನ್ ಸರಿಯಾಗಿ ಬಿಸಿಯಾದರೆ ಒಳಗಿನ ನೀರಿನ ಪಸೆ ಹಬೆಯಾಗಿ ಹೋಗುತ್ತದೆ. ದಿನಾ ನಿಂತಲ್ಲೇ ಬುರ್ ಅನ್ನಿಸಿ ಬಂದ್ ಮಾಡಿದರೆ ಹೋಗುವುದಿಲ್ಲ. ಬೆವರಿ ಬೆವರಿ ಎಣ್ಣೆಗೇ ಸೇರುತ್ತದೆ. ಸುಡದ ಪೆಟ್ರೋಲೂ ಸೇರುತ್ತದೆ. ಅದರ ಮೇಲೆ ನಮ್ಮ ಕರಾವಳಿ ಹವೆ, ಹಪ್ಪಳವೇ ಡಬ್ಬಿಯಲ್ಲಿ ಮೆತ್ತಗಾಗುತ್ತದೆ. ಇನ್ನೊಂದು, ಹಳೆಯ ಎಂಜಿನಿಗೆ ಹೊಸ ಜಾತಿಯ ಎಣ್ಣೆ ಹಾಕಿದರೆ ಅದು ಹಳೆಯ ಕೊಳೆಯನ್ನು ಬಿಡಿಸಿ ತಾನೇ ಹೊತ್ತುಕೊಳ್ಳುತ್ತದೆ. ಹಾಗಾಗಿ ಮೊದಲ ಸಲ ಬೇಗ ಬದಲಿಸಬೇಕು. ಪಾತ್ರೆ ತೊಳೆದ ಮೊದಲ ನೀರಿನಲ್ಲೇ ಯಾರಾದರೂ ಅನ್ನ ಮಾಡುತ್ತಾರಾ? ನಾವು ಮೂರು ವರ್ಷ ಮಾಡಿದೆವು. ಆ ಕೊಳೆ ಎಣ್ಣೆ ಎಳೆಯುವ ಜಾಲರಿಗೆ ಕಟ್ಟಿಕೊಂಡಿತ್ತು. ದೂರ ಓಡಿದ ಕೂಡಲೆ ಎಂಜಿನಿನ ಗಂಟಲು ಒಣಗಿತು.

ಹಾಗಾದರೆ ಯಾವಾಗ ಬದಲಿಸಬೇಕು? ಮೆಕ್ಯಾನಿಕ್ ಆರು ತಿಂಗಳು ಅಂದ. ಮಹೇಶ ಕಾರಿನ ಜೊತೆ ಬಂದ ಪುಸ್ತಕ ತೆಗೆದ. ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಅಂಗಡಿಯವನು ಬಾಯಲ್ಲಿ ಹೇಳಿದ ಹದಿನೈದು ಸಾವಿರ ಆ ಪುಸ್ತಕದಲ್ಲಿ ಎಲ್ಲೂ ಇಲ್ಲ.

ಯಾವುದು ಮೊದಲೋ ಅದು. ಶಾಲೆಯಲ್ಲಿ ನಾಲ್ಕನೇ ಇಯತ್ತೆ ತನಕ ಮಾತ್ರ ಓದಿದ ನನಗೂ ಅರ್ಥವಾಗುವ ಮಾತು. ಕಾರು ಓಡಲಿಲ್ಲ, ಸರಿ. ವರ್ಷ ನಿಂತಿತ್ತಾ?

ಎಂಜಿನ್ ಬಿಚ್ಚಿ ರಿಪೇರಿ ಮಾಡಿದರು. ಕಾರು ಮನೆಗೆ ಬಂತು. ಮಹೇಶ ಹತ್ತಿರ ಹೋಗಲಿಲ್ಲ. ಮಾರಿಬಿಡುತ್ತೇನೆ ಅಂದ. ಒಂದು ಸಂಜೆ ಮೆಟ್ಟಿಲ ಮೇಲೆ ಕೂತು, "ಅಪ್ಪನ ಕೈ ನಾನೇ ತೆಗೆದೆ ಅಮ್ಮಾ" ಅಂತ ಅತ್ತ.

"ನೀ ಅತ್ರೆ ಆ ಕೈ ಏಳ್ತದಾ? ಏಳೂದಾದ್ರೆ ಅಳು, ನಾನೂ ಕೂತು ಅಳ್ತೆ" ಅಂದೆ.

ಒಳಗಿನಿಂದ ಇವರು ಎಂತದೋ ಕೂಗಿದರು. ಅರ್ಧ ಮಾತು, ನಾವೇ ಜೋಡಿಸಿಕೊಳ್ಳಬೇಕು. ಹೋಗಿ ಕೇಳಿದೆ. "ಮಾ... ರಬೇಡ. ಓಡ್ಸು."

ಹಾಗಾಗಿ ಈಗ ಕಾರು ಓಡುತ್ತದೆ. ವಾರಕ್ಕೊಮ್ಮೆ ಕುಮಟೆ ಸಂತೆಗೆ, ನಿಲ್ಲದೆ, ಎಂಜಿನ್ ಚೆನ್ನಾಗಿ ಬಿಸಿಯಾಗುವ ಹಾಗೆ. ಟೊಮೆಟೊ ಅದರಲ್ಲೇ ಬರುತ್ತದೆ. ಸೊಸೆ ಡ್ರೈವಿಂಗ್ ಕಲಿತಳು. ಬೆಳಗಿನ ಬುರ್ ನಿಂತಿದೆ. ಮೋಹಿನಿಯ ಮಗನ ನಂಬರ್, 108 ಎರಡೂ ಗೋಡೆಯ ಮೇಲೆ ದಪ್ಪಕ್ಷರದಲ್ಲಿವೆ. ಎಣ್ಣೆ ಸಿಂಥೆಟಿಕ್ಕೇ. ಎಣ್ಣೆಯದೇನೂ ತಪ್ಪಿಲ್ಲ, ಅದನ್ನು ನಾನು ಬೈಯುವುದಿಲ್ಲ. ಹೊಸದಾಗಿ ಹಾಕಿದ್ದನ್ನು ಕೆಲವೇ ತಿಂಗಳಲ್ಲಿ ಒಮ್ಮೆ ತೆಗೆಸಿದೆವು, ಉಳಿದ ಕೊಳೆಯೂ ಹೋಗಲಿ ಅಂತ. ಇನ್ನು ಮುಂದೆ ಆಯುಧಪೂಜೆಯ ವಾರ, ಎಷ್ಟೇ ಓಡಿರಲಿ, ಓಡದೆ ಇರಲಿ, ಹಳೆಯ ಎಣ್ಣೆ ಹೊರಗೆ, ಹೊಸ ಫಿಲ್ಟರು ಒಳಗೆ. ಹತ್ತು ಸಾವಿರ ಮೊದಲೇ ಆದರೆ ಆಗಲೇ. ಆದರೆ ನಮ್ಮ ಮನೆಯಲ್ಲಿ ಅದು ಆಗುವ ಲೆಕ್ಕವಲ್ಲ.

ತಿಳಿನೀಲಿ ಬಟ್ಟೆಯನ್ನೂ ನಾನೇ ಹೊರತೆಗೆದೆ. ಪೇಟೆಯ ಬೇರೆ ಟೇಲರಿಗೆ ಕೊಟ್ಟೆ. ಮಡಿಕೆ ಇದ್ದಲ್ಲಿ ಬಟ್ಟೆ ಪಿಸಿದು ನೂಲು ಬಿಟ್ಟಿತ್ತು. ಅವನು ಹೇಗೋ ತಪ್ಪಿಸಿ ಕತ್ತರಿಸಿದ. ಇವರು ಅದನ್ನು ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತು ಕುಮಟೆಗೆ ಬರುತ್ತಾರೆ. ಎಡಗೈಯಿಂದ ಬಲತೋಳಿನ ಹೊಲಿಗೆ ಮುಟ್ಟಿ ಮುಟ್ಟಿ ನೋಡಿ, "ಸ... ರಿ ಇಲ್ಲ" ಅನ್ನುತ್ತಾರೆ.

ಸರಿ ಇಲ್ಲ. ನನಗೂ ಕಾಣುತ್ತದೆ.

ಹೋದ ಆಯುಧಪೂಜೆಗೆ ನಿಮ್ಮ ಕಾರಿಗೆ ಹೂ ಹಾಕಿದ್ದೀರಿ. ಎಣ್ಣೆ?