ಆರ್ಟ್ ಗ್ಯಾಲರಿಯಲ್ಲಿ ಅತ್ತೆ ತುಂಬಿದ ಉಡಿ

ಗೆಳೆಯರೇ, ಇವತ್ತು ನಮ್ಮ ಅತ್ತೆ ಒಬ್ಬ ಪ್ರಸಿದ್ಧ ಕಲಾವಿದೆಗೆ ಉಡಿ ತುಂಬಿದರು. ಅದೂ ಆರ್ಟ್ ಗ್ಯಾಲರಿಯಲ್ಲಿ, ನೂರಾರು ಜನರೆದುರು.

ನಾಳೆ ಪಕ್ಕದ ಮನೆಯ ಲಾವಣ್ಯಳ ಸೀಮಂತ. ಅವಳ ಉಡಿಗೆಂದು ಸುಲ್ತಾನ್ ಬಜಾರಿನಲ್ಲಿ ರವಿಕೆಯ ಖಣ, ತೆಂಗಿನಕಾಯಿ ಕೊಂಡು ನಾನೂ ಅತ್ತೆಯೂ ಹಾಗೇ ಗ್ಯಾಲರಿಯ ಪ್ರದರ್ಶನಕ್ಕೆ ಹೋಗಿದ್ದೆವು. ತನ್ನ ದೇಹವನ್ನೇ ಕಲೆಯಾಗಿಸಿ ಹೆಸರು ಮಾಡಿದ ಆ ಕಲಾವಿದೆ, ಮಾತು ಮುಗಿಸಿ ನೆಲದ ಮೇಲೆ ಕೂತು ಹಿಂದಿಯಲ್ಲಿ ಹೇಳಿದರು: "ಈಗ ಪರ್ಫಾರ್ಮೆನ್ಸ್. ಯಾರು ಏನು ಕೊಟ್ಟರೂ ತಗೊಳ್ಳುತ್ತೇನೆ. ಇಲ್ಲಿ ಯಾರಿಗೂ ಅಡ್ಡಿಯಿಲ್ಲ."

ಕೆಲವರು ಹೂವು ಕೊಟ್ಟರು. ಒಬ್ಬ ತನ್ನ ಕನ್ನಡಕ ಕೊಟ್ಟು, ಗೋಡೆ ಹಿಡಿದು ವಾಪಸ್ ಹೋದ. ಆಮೇಲೆ ನನ್ನ ಪಕ್ಕದಿಂದ ಅತ್ತೆ ಎದ್ದರು.

ಮಾವ ತೀರಿಕೊಂಡ ಮೇಲೆ ಅತ್ತೆ ಯಾರಿಗೂ ಉಡಿ ತುಂಬಿರಲಿಲ್ಲ. ಗಂಡನಿಲ್ಲದವರು ತುಂಬಬಾರದಂತೆ. ತಾಟು ಸಜ್ಜು ಮಾಡಿ ನನ್ನ ಕೈಗಿತ್ತು, ಅಡುಗೆಮನೆಗೆ ಸರಿದುಬಿಡುತ್ತಿದ್ದರು.

"ಸೆರಗು ಒಡ್ಡ್ರಿ," ಎಂದರು. ಕಲಾವಿದೆಗೆ ಸೆರಗೂ ಇರಲಿಲ್ಲ, ಕನ್ನಡವೂ ಬರುತ್ತಿರಲಿಲ್ಲ. ಅತ್ತೆಯ ಕೈ ನೋಡಿ ಕುರ್ತಾದ ಅಂಚನ್ನೇ ಒಡ್ಡಿದರು. ಖಣ, ಕಾಯಿ ಎರಡೂ ಅದರೊಳಗೆ ಹೋದವು.

"ಛಂದಾಗಿರ್ರಿ," ಎಂದು ಹೇಳಿ ಅತ್ತೆ ಬಂದು ಕೂತರು.

ಆಟೋದಲ್ಲಿ ನಾನು ಕೇಳಿದೆ, "ಅತ್ತಿ, ನಾಳಿಗೆ ಮತ್ತ ಖಣ ತರಬೇಕಲ್ರಿ?"

"ತರೋಣು. ಲಾವಣ್ಯಾಗೂ ನಾನ ಉಡಿ ತುಂಬ್ತೀನಿ."

"ಮಂದಿ ಏನರ ಅಂದ್ರ?"

ಅತ್ತೆ ಸೆರಗು ಸರಿಮಾಡಿಕೊಂಡರು.

"ಪರ್ಫಾರ್ಮೆನ್ಸ್ ಅಂತ ಹೇಳು."