ಹೆಸರಿಲ್ಲದ ಡಿಸ್ಕನ್ನು ಒಳಗೆ ಬಿಡದ ಎರ್ಮೆಲಿಂದಾ

ಬೆಳಗಿನ ಐದು ಗಂಟೆ. ಪರಾಗ್ವೆಯ ಪಿಲಾರ್ ಊರಿನಲ್ಲಿ ನದಿಯ ಮಂಜು ದಡ ಹತ್ತಿ ಬೀದಿಗೆ ಬಂದಿದೆ. ಚಿಪಾ ರೊಟ್ಟಿ ಮಾರುವವಳ ಕೂಗು ಮಂಜಿನೊಳಗಿಂದ ಕೇಳುತ್ತದೆ, ಬುಟ್ಟಿ ಮಾತ್ರ ಕಾಣುವುದಿಲ್ಲ. ಎರ್ಮೆಲಿಂದಾ ಬೊಗಾರಿನ್ ಹಿತ್ತಲ ಬಾಗಿಲಿನಿಂದ ಪಕ್ಕದ ರೇಡಿಯೊ ಕೇಂದ್ರಕ್ಕೆ ದಾಟುತ್ತಾರೆ. ಒಂದು ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು, ಇನ್ನೊಂದರಲ್ಲಿ ಸೀಮೆಸುಣ್ಣ. ಗೋಡೆಗೆ ಒರಗಿಸಿದ ಕರಿಹಲಗೆಯ ಮೇಲೆ ಒಂದೇ ಒಂದು ಸಾಲು ಬರೆಯುತ್ತಾರೆ. ಬರೆದು ಎರಡು ಹೆಜ್ಜೆ ಹಿಂದೆ ಸರಿದು, ಕೊಳ್ಳುವ ಹಸುವಿನ ಹಲ್ಲು ನೋಡುವವರ ಹಾಗೆ ಅದನ್ನು ನೋಡುತ್ತಾರೆ.

ಎದುರಿಗೆ ಬೆತ್ತದ ಕುರ್ಚಿಯಲ್ಲಿ ಪೊರ್ಫೀರಿಯಾ ಕುಳಿತಿದ್ದಾರೆ. ವಯಸ್ಸು ಎಪ್ಪತ್ತೊಂದು, ಈ ರೇಡಿಯೊದ ಯಜಮಾನಿ. ಕಂಪ್ಯೂಟರಿನ ಗಂಧಗಾಳಿ ಇಲ್ಲ, ಬೇಕೆಂಬ ಆಸೆಯೂ ಇಲ್ಲ. ಎರ್ಮೆಲಿಂದಾ ಸೋರೆಬುರುಡೆಯಲ್ಲಿ ಮತೆ ಸೊಪ್ಪಿಗೆ ನೀರು ಹಾಕಿ ಕೊಡುತ್ತಾರೆ. ಪೊರ್ಫೀರಿಯಾ ಕೊಳವೆಯಿಂದ ಹೀರುತ್ತಾ ಹಲಗೆಯ ಸಾಲನ್ನು ಗಟ್ಟಿಯಾಗಿ ಓದಿ, ಅದರಿಂದ ಏನಾಗುತ್ತದೆ ಎಂದು ತಮಗೆ ಅನ್ನಿಸಿದ್ದನ್ನು ಹೇಳಬೇಕು. ಅವರು ಹೇಳಿದ್ದೂ ನಿಜವಾಗಿ ಆಗುವುದೂ ಒಂದೇ ಆದರೆ ಸಾಲು ಪಾಸು. ಇಲ್ಲವಾದರೆ ಅಳಿಸು.

ಈ ಊರಿನಲ್ಲಿ ಬುರುಡೆ ಹಿಂದಕ್ಕೆ ಕೊಡುವಾಗ ‘ಗ್ರಾಸಿಯಾಸ್’ ಎಂದರೆ, ಉಪಕಾರವಾಯಿತು, ಇನ್ನು ಹಾಕಬೇಡ ಎಂದು ಅರ್ಥ. ಸುಮ್ಮನೆ ಕೊಟ್ಟರೆ ಇನ್ನೊಂದು ಸುತ್ತು. ಸಾಲು ಅರ್ಥವಾಗುವವರೆಗೆ ಪೊರ್ಫೀರಿಯಾ ಗ್ರಾಸಿಯಾಸ್ ಅನ್ನುವುದಿಲ್ಲ. ಒಂದು ಸಾಲಿಗೆ ಹದಿನಾಲ್ಕು ಬುರುಡೆ ಖಾಲಿಯಾದ ದಿನವೂ ಉಂಟು. ಅವತ್ತು ಇಬ್ಬರಿಗೂ ರಾತ್ರಿಯೆಲ್ಲ ನಿದ್ದೆ ಬರಲಿಲ್ಲವಂತೆ.

ಎರ್ಮೆಲಿಂದಾ ಅವರ ಕೆಲಸವನ್ನು ಒಂದೇ ಉಸಿರಿನಲ್ಲಿ ಹೇಳುವುದು ಕಷ್ಟ. ಅವರ ಸ್ವಂತ ತಮ್ಮನೇ ಹತ್ತು ವರ್ಷದಿಂದ ನಮ್ಮಕ್ಕ ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾನೆ. ವಿಷಯ ಇಷ್ಟೇ. ಒಂದು ನಿಜವಾದ ಕಂಪ್ಯೂಟರಿನ ಹೊಟ್ಟೆಯೊಳಗೆ ಹತ್ತು ಹುಸಿ ಕಂಪ್ಯೂಟರುಗಳನ್ನು ಓಡಿಸಬಹುದು. ಇವಕ್ಕೆ ವರ್ಚುವಲ್ ಮೆಷೀನ್ ಎನ್ನುತ್ತಾರೆ. ಪ್ರತಿಯೊಂದೂ ತಾನೇ ಅಸಲಿ ಎಂದು ನಂಬಿಕೊಂಡಿರುತ್ತದೆ. ಅದರ ಪಾಲಿನ ಡಿಸ್ಕ್ ಕೂಡ ಹುಸಿಯೇ, ಹೊರಗಿನವರ ಕಣ್ಣಿಗೆ ಅದೊಂದು ದೊಡ್ಡ ಫೈಲು ಅಷ್ಟೆ. ಯಾವ ಫೈಲು ಯಾವ ಯಂತ್ರಕ್ಕೆ ಡಿಸ್ಕ್ ಆಗಬೇಕು, ಅದರ ಮೇಲೆ ಬರೆಯಬಹುದೋ ಬರೀ ಓದಬಹುದೋ ಎಂಬುದನ್ನೆಲ್ಲ ಯಾರೋ ಒಬ್ಬರು ಸಾಲುಸಾಲಾಗಿ ಬರೆದುಕೊಡಬೇಕು. ಆ ಸಾಲನ್ನು ಹೇಗೆ ಬರೆಯಬೇಕು, ಯಾವ ಪದ ಇರಬೇಕು, ಯಾವುದನ್ನು ಬಿಟ್ಟರೆ ಯಂತ್ರ ಒಪ್ಪಬಾರದು ಎಂಬ ಕಟ್ಟಳೆ ಎರ್ಮೆಲಿಂದಾ ಅವರದು. ಈ ತಂತ್ರಾಂಶವನ್ನು ಇಪ್ಪತ್ತು ದೇಶಗಳ ಜನ ಪುಕ್ಕಟೆಯಾಗಿ ಸೇರಿ ಕಟ್ಟುತ್ತಾರೆ. ಯಾವ ಭಾಗಕ್ಕೆ ಯಾರು ಹೊಣೆ ಎಂಬ ಪಟ್ಟಿಯೊಂದಿದೆ. ಅದರಲ್ಲಿ ‘ಡಿಸ್ಕ್’ ಎಂಬುದರ ಎದುರು ಒಂದೇ ಹೆಸರಿದೆ, ಪರಾಗ್ವೆಯ ನದಿದಂಡೆಯಲ್ಲಿ ತಾಂತ್ರಿಕ ಶಾಲೆಗೆ ಗಣಿತ ಹೇಳಿಕೊಡುವ ಐವತ್ಮೂರು ವರ್ಷದ ಈ ಹೆಂಗಸಿನದು.

ಇದೆಲ್ಲ ಶುರುವಾದದ್ದು ಒಂದು ತಪ್ಪಿನಿಂದ. ಆ ತಪ್ಪು ಪಿಲಾರ್‌ನಲ್ಲಿ ಮೀನು ಮಾರುವವನಿಗೂ ಗೊತ್ತು.

ಹನ್ನೊಂದು ವರ್ಷದ ಹಿಂದಿನ ಮಾತು. ದಡದಲ್ಲಿ ಬಟ್ಟೆ ಒಗೆಯುವ, ದೋಣಿಯಲ್ಲಿ ತರಕಾರಿ ಮಾರುವ ಅರವತ್ಮೂರು ಮುದುಕಿಯರು ಗ್ವಾರಾನಿ ಭಾಷೆಯಲ್ಲಿ ಹೇಳಿದ ಕಥೆ, ಹಾಡು, ಬೈಗುಳಗಳನ್ನು ಪೊರ್ಫೀರಿಯಾ ಧ್ವನಿಮುದ್ರಿಸಿ ಇಟ್ಟಿದ್ದರು. ಎಲ್ಲ ಸೇರಿ ನಾನೂರ ಹನ್ನೆರಡು ಗಂಟೆ. ಎಲ್ಲವೂ ರೇಡಿಯೊ ಕೇಂದ್ರದ ಒಂದು ಹುಸಿಯಂತ್ರದ ಒಂದೇ ಡಿಸ್ಕಿನಲ್ಲಿತ್ತು. ಒಂದು ನಕಲು ಇರಲಿ ಎಂದು ಎರ್ಮೆಲಿಂದಾ ಇನ್ನೊಂದು ಡಿಸ್ಕ್ ಸೇರಿಸಲು ಹೊರಟರು. ಆಗಿನ ಕಟ್ಟಳೆಯಲ್ಲಿ ಡಿಸ್ಕಿಗೆ ಹೆಸರಿರಲಿಲ್ಲ. ಮೊದಲು ಬರೆದ ಸಾಲು ಮೊದಲನೆಯ ಡಿಸ್ಕ್, ಆಮೇಲಿನದು ಎರಡನೆಯದು. ಹಳೆಯದು ಮೊದಲನೆಯದು, ಹೊಸದು ಎರಡನೆಯದು ಎಂಬ ಲೆಕ್ಕದಲ್ಲಿ ಎರ್ಮೆಲಿಂದಾ ಇದ್ದರು. ಆದರೆ ಹೊಸ ಸಾಲನ್ನು ಹಳೆಯ ಸಾಲಿನ ಮೇಲ್ಗಡೆ ಬರೆದರು. ಯಾಕೆಂದರೆ ಮೇಲೆ ಜಾಗವಿತ್ತು, ಅಷ್ಟೆ. ಯಂತ್ರ ಎದ್ದಿತು. ಅದರ ಲೆಕ್ಕದಲ್ಲಿ ಈಗ ಎರಡನೆಯದು ಹಳೆಯ ಡಿಸ್ಕ್. ಎರಡನೆಯ ಡಿಸ್ಕನ್ನು ಸ್ವಚ್ಛಮಾಡು ಎಂದರು. ಅದು ತುಂಬ ವಿಧೇಯವಾಗಿ ಸ್ವಚ್ಛಮಾಡಿತು.

ಹನ್ನೊಂದು ಸೆಕೆಂಡು ಹಿಡಿಯಿತು. ಆ ಕೆಲಸಕ್ಕೆ ಅದು ಬಹಳ ಒಳ್ಳೆಯ ವೇಗ ಎಂದು ಎರ್ಮೆಲಿಂದಾ ಈಗ ಒಣನಗೆಯಲ್ಲಿ ಹೇಳುತ್ತಾರೆ.

ಪೊರ್ಫೀರಿಯಾ ಅವತ್ತು ಅಳಲಿಲ್ಲ. ಮೂರು ವಾರ ಮಾತಾಡಲಿಲ್ಲ. ನಾಲ್ಕನೆಯ ವಾರ ಹಿತ್ತಲ ಬಾಗಿಲಿಗೆ ಬಂದು ನಿಂತು, ಎರ್ಮೆಲಿಂದಾ ಅವರಿಗೆ ಇಂದಿಗೂ ಅಕ್ಷರಶಃ ನೆನಪಿರುವ ಒಂದು ಮಾತು ಹೇಳಿದರು. “ನಮ್ಮನೇಲಿ ಎಂಟು ಮಕ್ಳು ಕಣೇ. ಅಮ್ಮ ಯಾರನ್ನೂ ಮೂರನೇದು, ನಾಲ್ಕನೇದು ಅಂತ ಕರೀಲಿಲ್ಲ. ನಿನ್ನ ಆ ಪೆಟ್ಟಿಗೆಗೆ ಅಷ್ಟೂ ಬುದ್ಧಿ ಇಲ್ವಾ?”

ಪೆಟ್ಟಿಗೆಗೆ ಬುದ್ಧಿ ಕಲಿಸಲು ಆರು ವರ್ಷ ಹಿಡಿಯಿತು. ಪ್ರತಿ ಡಿಸ್ಕಿಗೂ ಹೆಸರಿರಲೇಬೇಕು, ಹೆಸರಿಲ್ಲದ ಸಾಲನ್ನು ಯಂತ್ರ ತಿರಸ್ಕರಿಸಬೇಕು ಎಂಬ ಪ್ಯಾಚನ್ನು, ಅಂದರೆ ತಂತ್ರಾಂಶದ ತಿದ್ದುಪಡಿಯನ್ನು, ಅವರು ತಂಡದವರೆಲ್ಲ ಓದುವ ಇಮೇಲ್ ಅಂಚೆಪಟ್ಟಿಗೆ ಹದಿನೇಳು ಬಾರಿ ತಿದ್ದಿ ಕಳಿಸಿದರು. ಮೊದಲ ಸಲ ಉತ್ತರವೇ ಬರಲಿಲ್ಲ. ನಾಲ್ಕನೆಯ ಸಲ ಒಬ್ಬಾತ, ನಿಮ್ಮ ಆಲೋಚನೆ ಮುದ್ದಾಗಿದೆ ಎಂದು ಬರೆದ. ಎರ್ಮೆಲಿಂದಾ ಆ ಕಾಗದವನ್ನು ಅಚ್ಚುಹಾಕಿಸಿ ಶೌಚಾಲಯದ ಗೋಡೆಗೆ ಅಂಟಿಸಿದ್ದಾರೆ. ದಿನಕ್ಕೆ ಅರವತ್ತು ಎಪ್ಪತ್ತು ಇಮೇಲು. ಯುರೋಪಿನವರು ಆಗಲೇ ಎದ್ದು ಜಗಳ ಶುರುಮಾಡಿರುತ್ತಾರಾದ್ದರಿಂದ ಇವರ ದಿನ ಬೆಳಗಿನ ನಾಲ್ಕೂವರೆಗೇ ಶುರು. ಏಳಕ್ಕೆ ಶಾಲೆ. ಮಳೆಗಾಲದಲ್ಲಿ ವಾರಕ್ಕೆರಡು ಸಲವಾದರೂ ಕರೆಂಟು ಹೋಗುತ್ತದೆ. ಆಗ ಹಲಗೆಯ ಮುಂದೆ ಕೂತು ಬರಿಗೈಯಲ್ಲಿ ಯೋಚಿಸುವುದು. ಹಳೆಯ ಕಟ್ಟಳೆಯಲ್ಲಿ ಇನ್ನೂರ ನಾಲ್ಕು ಪದಗಳಿದ್ದವು, ಈಗ ಅರವತ್ತೆಂಟು. ಉಳಿದವು ಪೊರ್ಫೀರಿಯಾ ಅವರ ಬುರುಡೆಗೆ ಬಲಿಯಾದವು.

ಕೊನೆಗೆ ತಂಡ ಒಪ್ಪಿತು. ಆದರೆ ಅಲ್ಲಿನ ರೂಢಿಯ ಪ್ರಕಾರ ಹಳೆಯದನ್ನು ದಿಢೀರನೆ ಕೀಳುವ ಹಾಗಿಲ್ಲ. ಎರಡು ಆವೃತ್ತಿಗಳಲ್ಲಿ ಎಚ್ಚರಿಕೆ ಕೊಟ್ಟು, ಮೂರನೆಯದರಲ್ಲಷ್ಟೇ ಬಾಗಿಲು ಮುಚ್ಚಬಹುದು. ಹೆಸರಿಲ್ಲದ ಡಿಸ್ಕಿಗೆ ಬಾಗಿಲು ಮುಚ್ಚುವ ಆ ಮೂರನೆಯ ಆವೃತ್ತಿ ಬಿಡುಗಡೆಯಾಗಬೇಕಾದದ್ದು ಈ ತಿಂಗಳು.

ಅಷ್ಟರಲ್ಲಿ ಡೆನ್ಮಾರ್ಕಿನಿಂದ ಹಾರ್ಟ್‌ವಿಗ್ ಎಂಬವರ ಕಾಗದ ಬಂತು. ಇಡೀ ತಂತ್ರಾಂಶವನ್ನು ಕೊನೆಯಲ್ಲಿ ಒಟ್ಟುಗೂಡಿಸಿ ಬಿಡುಗಡೆ ಮಾಡುವವರು ಅವರೇ. ಒಳ್ಳೆಯ ಮನುಷ್ಯ, ಮಾತು ಮೃದು. ಯಂತ್ರಗಳನ್ನು ಬಾಡಿಗೆಗೆ ಕೊಡುವ ದೊಡ್ಡ ದೊಡ್ಡವರಿಗೆ ತಮ್ಮ ಹಳೆಯ ಸಾಲುಗಳನ್ನು ತಿದ್ದುವುದು ಕಿರಿಕಿರಿಯಂತೆ. ಆದ್ದರಿಂದ ಹೆಸರು ಕೊಡದಿದ್ದರೆ ಯಂತ್ರವೇ ಬರೆದ ಕ್ರಮ ನೋಡಿಕೊಂಡು ಒಂದು ಹೆಸರು ಇಟ್ಟುಕೊಳ್ಳಲಿ, ಎಲ್ಲರಿಗೂ ಅನುಕೂಲ. ಡಿಸ್ಕಿನ ಹೊಣೆ ನಿಮ್ಮದಾದ್ದರಿಂದ ಶುಕ್ರವಾರದೊಳಗೆ ನಿಮ್ಮ ಒಪ್ಪಿಗೆ ಬೇಕು. ಕೆಳಗೆ ಇನ್ನೊಂದು ಸಾಲು: ಇಷ್ಟು ವರ್ಷ ದುಡಿದಿದ್ದೀರಿ, ಹೊಣೆ ಭಾರವೆನಿಸಿದರೆ ಬೇರೆಯವರಿಗೆ ವಹಿಸಬಹುದು.

ಎರ್ಮೆಲಿಂದಾ ಅದನ್ನು ಪೊರ್ಫೀರಿಯಾಗೆ ಓದಿ ಹೇಳಿದರು. ಇದು ಹಳೇ ದೋಣಿಗೆ ಹೊಸ ಬಣ್ಣ ಹಾಕಿದ ಹಾಗಲ್ಲವೇ ಎಂದು ಪೊರ್ಫೀರಿಯಾ ಕೇಳಿದರು. ಹೌದು ಎಂದರು ಎರ್ಮೆಲಿಂದಾ. ಕ್ರಮ ನೋಡಿ ಇಟ್ಟ ಹೆಸರು ಹೆಸರಲ್ಲ, ಅದು ಮತ್ತೆ ಮೊದಲನೆಯದು, ಎರಡನೆಯದೇ.

ಬುಧವಾರ, ಗುರುವಾರ ಅಂಚೆಪಟ್ಟಿಯಲ್ಲಿ ವಾದ ನಡೆಯಿತು. ಪ್ರತಿ ವಾದಕ್ಕೂ ಪ್ರತಿವಾದ. ಇಷ್ಟು ವರ್ಷ ಎರ್ಮೆಲಿಂದಾ ತಮ್ಮ ವಾದ ಮಂಡಿಸುವಾಗಲೆಲ್ಲ ‘ಒಬ್ಬ ಬಳಕೆದಾರರು ಹೀಗೆ ಡಿಸ್ಕ್ ಅಳಿಸಿಕೊಂಡಿದ್ದಾರೆ’ ಎಂದೇ ಬರೆದದ್ದು. ಆ ಪಟ್ಟಿಯಲ್ಲಿ ಎಲ್ಲರೂ ಬರೆಯುವುದು ಹಾಗೆಯೇ. ಎಡವುವವರೆಲ್ಲ ಬಳಕೆದಾರರು. ಕಟ್ಟುವವರು ಯಾರೂ ಯಾವತ್ತೂ ಏನನ್ನೂ ಅಳಿಸಿದವರಲ್ಲ. ಅಂಥ ಬಳಕೆದಾರರು ಎಚ್ಚರ ವಹಿಸಬೇಕಿತ್ತು ಎಂದು ಗುರುವಾರ ಸಂಜೆ ಯಾರೋ ಬರೆದರು.

ಶುಕ್ರವಾರ ಬೆಳಗ್ಗೆ ಎರ್ಮೆಲಿಂದಾ ಹಲಗೆಯ ಮೇಲೆ ಸಾಲು ಬರೆಯಲಿಲ್ಲ. ಕಂಪ್ಯೂಟರನ್ನೇ ಎತ್ತಿಕೊಂಡು ಬಂದು ರೇಡಿಯೊ ಕೇಂದ್ರದ ಮೇಜಿನ ಮೇಲಿಟ್ಟು, ಕಳಿಸುವ ಮುಂಚೆ ಗಟ್ಟಿಯಾಗಿ ಓದಿದರು.

“ಹನ್ನೊಂದು ವರ್ಷದ ಹಿಂದಿನ ಆ ಬಳಕೆದಾರಳು ನಾನೇ. ಹೊಸ ಸಾಲನ್ನು ಮೇಲೆ ಬರೆದೆ. ನಾನೂರ ಹನ್ನೆರಡು ಗಂಟೆಯ ದನಿಗಳನ್ನು ನನ್ನ ಕೈಯಿಂದಲೇ ಅಳಿಸಿದೆ. ಯಂತ್ರ ನನ್ನನ್ನು ಏನೂ ಕೇಳಲಿಲ್ಲ. ಯಾವ ಡಿಸ್ಕ್ ಎಂದು ಒಂದು ಮಾತು ಕೇಳಿದ್ದರೆ ನನ್ನ ಕೈ ನಿಲ್ಲುತ್ತಿತ್ತು. ಈ ಬದಲಾವಣೆಗೆ ನನ್ನ ಒಪ್ಪಿಗೆ ಇಲ್ಲ. ಬೇಕಾದರೆ ನನ್ನ ಹೆಸರನ್ನು ಹೊಣೆಗಾರರ ಪಟ್ಟಿಯಿಂದ ತೆಗೆಯಿರಿ, ಡಿಸ್ಕಿನ ಹೆಸರನ್ನು ಸಾಲಿನಿಂದ ತೆಗೆಯಲು ಬಿಡುವುದಿಲ್ಲ.”

ಓದಿ ಮುಗಿಸಿ ತಲೆ ಎತ್ತಲಿಲ್ಲ. ಪೊರ್ಫೀರಿಯಾ ಕೇಳಿದ್ದು ಒಂದೇ ಪ್ರಶ್ನೆ. “ಇಷ್ಟ್ ವರ್ಷ ಅವ್ರಿಗೆ ಹೇಳೇ ಇರ್ಲಿಲ್ವಾ? ನಾನು ಬಸ್ಸಲ್ಲಿ ಪಕ್ಕ ಕೂತೋರಿಗೆಲ್ಲ ಹೇಳ್ಬಿಟ್ಟಿದೀನಲ್ಲೇ.”

ಕಾಗದ ಹೋಗಿ ಒಂದೂವರೆ ಗಂಟೆಗೆ ಪೋರ್ಚುಗಲ್ಲಿನ ಒಂದು ಗ್ರಂಥಾಲಯದವಳು ಬರೆದಳು: ನಾನೂ ಅಳಿಸಿದ್ದೇನೆ, ಎರಡು ಸಾವಿರದ ಹದಿನಾರರಲ್ಲಿ. ಅವಳ ಹಿಂದೆ ಒಸಾಕದ ಒಬ್ಬಾತ, ತಾನು ಅಳಿಸಿದ್ದು ಗುರುಗಳು ಬರೆದಿಟ್ಟ ಮಳೆಯ ದಾಖಲೆ ಎಂದ. ಶಾಲೆ ಮುಗಿಸಿ ಎರ್ಮೆಲಿಂದಾ ಮನೆಗೆ ಬರುವ ಹೊತ್ತಿಗೆ ಮೂವತ್ತೊಂದು ಕಾಗದಗಳು. ಮುದ್ದಾದ ಆಲೋಚನೆ ಎಂದಿದ್ದವನದೂ ಅದರಲ್ಲಿತ್ತು. ಆತ ಅಳಿಸಿದ್ದು ತನ್ನದೇ ಮದುವೆಯ ಫೋಟೊಗಳನ್ನು. ಕ್ರಮ ನೋಡಿ ಹೆಸರಿಡುವ ಪ್ರಸ್ತಾಪವನ್ನು ಈ ಆವೃತ್ತಿಯಿಂದ ಹಿಂದೆಗೆದುಕೊಂಡಿದ್ದೇನೆ, ಬಾಗಿಲು ಗೊತ್ತಾದಂತೆ ಮುಚ್ಚುತ್ತದೆ ಎಂದು ಹಾರ್ಟ್‌ವಿಗ್ ಸಂಜೆ ತಿಳಿಸಿದರು. ಮುಂದಿನ ಆವೃತ್ತಿಗೆ ಮತ್ತೆ ಚರ್ಚಿಸೋಣ ಎಂದೂ ಸೇರಿಸಿದರು.

ಹಾಗಾಗಿ ಈಗ ಹೆಸರಿಲ್ಲದ ಡಿಸ್ಕಿನ ಸಾಲು ಬರೆದವರಿಗೆ ಯಂತ್ರ ಹೇಳುವುದಿಷ್ಟು: ‘ಈ ಡಿಸ್ಕಿಗೆ ಹೆಸರಿಲ್ಲ. ಯಾವುದೆಂದು ನಾನು ಊಹಿಸುವುದಿಲ್ಲ. ಹೆಸರಿಟ್ಟು ಬನ್ನಿ.’ ಈ ಮೂರು ವಾಕ್ಯ ಪೊರ್ಫೀರಿಯಾ ಅವರವು. ಅದು ಒರಟಾಯಿತು ಎಂದು ದೂರಿದವರಿದ್ದಾರೆ. ಒರಟಾಗಿಯೇ ಇರಲಿ ಎಂದು ಎರ್ಮೆಲಿಂದಾ ಒಂದೇ ಸಾಲಿನ ಉತ್ತರ ಬರೆದಿದ್ದಾರೆ.

ದನಿ ಅಳಿಸಿಹೋದ ಅರವತ್ಮೂರು ಮುದುಕಿಯರಲ್ಲಿ ಬದುಕಿದ್ದವರು ಇಪ್ಪತ್ತೇಳು ಮಂದಿ. ಹತ್ತೊಂಬತ್ತು ಜನರನ್ನು ಪೊರ್ಫೀರಿಯಾ ಮತ್ತೆ ಮಾತಾಡಿಸಿದ್ದಾರೆ. ಕೆಲವರು ಹಾಡು ಮರೆತಿದ್ದಾರೆ, ಬೈಗುಳ ಯಾರೂ ಮರೆತಿಲ್ಲ.

ನಿಮಗೆ ಬೇಕಾದದ್ದೇನು ಎಂದು ಕೇಳಿದರೆ ಎರ್ಮೆಲಿಂದಾ ಹೇಳುವುದಿದು. “ಎಲ್ಲೋ ಒಬ್ರು ಅವಸರದಲ್ಲಿ ಹೆಸರಿಲ್ದೆ ಸಾಲು ಬರೀತಾರೆ. ಯಂತ್ರ ಒಲ್ಲೆ ಅನ್ನತ್ತೆ. ಇದನ್ನ ಮಾಡಿದೋಳು ಯಾವಳು ಅಂತ ನನ್ನ ಬೈಕೊಂಡು, ಹೆಸರು ಸೇರಿಸಿ, ಮುಂದಕ್ಕೆ ಹೋಗ್ತಾರೆ. ಆ ಬೈಗುಳ ಸಿಕ್ರೆ ಸಾಕು ನಂಗೆ.”

ಹಾರ್ಟ್‌ವಿಗ್ ಮತ್ತೆ ಬರುತ್ತಾನಲ್ಲ, ಅದಕ್ಕೇನು ಮಾಡುತ್ತೀ ಎಂದು ಪೊರ್ಫೀರಿಯಾ ಕೇಳುತ್ತಾರೆ. ಈ ಬೆಳಗ್ಗೆ ಫ್ಲಾಸ್ಕು ಅವರ ಕೈಯಲ್ಲಿದೆ. ಹನ್ನೊಂದು ವರ್ಷದಲ್ಲಿ ಇದೇ ಮೊದಲ ಸಲ ಅವರು ನೀರು ಹಾಕಿ ಎರ್ಮೆಲಿಂದಾಗೆ ಕೊಡುತ್ತಿದ್ದಾರೆ.

ಎರ್ಮೆಲಿಂದಾ ಕೊಳವೆಯ ಸದ್ದಾಗುವವರೆಗೆ ಹೀರಿ, ಗ್ರಾಸಿಯಾಸ್ ಅನ್ನದೆ ಬುರುಡೆ ಹಿಂದಕ್ಕೆ ಕೊಡುತ್ತಾರೆ. ಪೊರ್ಫೀರಿಯಾ ಮತ್ತೆ ನೀರು ಹಾಕುತ್ತಾರೆ.