ಒಣಗಿದ ದೋಣಿಗೆ ಬಂದ ನಂಬರು

1979ರಲ್ಲಿ ನಾನು ಬಾಗಲಕೋಟೆಯ ಸರಕಾರಿ ಕಚೇರಿಯೊಂದರಲ್ಲಿ ಜೂನಿಯರ್ ಇಂಜಿನಿಯರ್ ಆಗಿದ್ದೆ. ರಸ್ತೆ, ಸೇತುವೆಗಳ ಜೊತೆಗೆ ಹೊಳೆಯ ದೋಣಿಗಳ ತಪಾಸಣೆಯೂ ನನ್ನ ಪಾಲಿಗೆ ಬಂದಿತ್ತು. ಹುನಗುಂದದ ಎರೆ ಹೊಲಗಳ ನಡುವೆ ಬೆಳೆದ ನನಗೆ ಈಜು ಕೂಡ ಬರುತ್ತಿರಲಿಲ್ಲ. ಆದರೂ ಕೈಯಲ್ಲಿ ಟೇಪು, ಬಗಲಲ್ಲಿ ಫೈಲು ಇದ್ದರೆ ನನಗೆ ತಿಳಿಯದ್ದೇನೂ ಇಲ್ಲ ಎಂಬ ಹುಂಬತನ ಬೇಕಾದಷ್ಟಿತ್ತು.

ಕಲಾದಗಿಯ ಹತ್ತಿರ ಘಟಪ್ರಭೆಯಲ್ಲಿ ದೋಣಿ ನಡೆಸುತ್ತಿದ್ದ ಹನುಮಪ್ಪ ಆ ವರ್ಷ ಒಂದು ಅರ್ಜಿ ಕೊಟ್ಟಿದ್ದ. ಬಸ್ಸುಗಳು ಹೆಚ್ಚಿ, ದೋಣಿಯಲ್ಲಿ ಹೊಳೆ ದಾಟುವವರು ಕಡಿಮೆಯಾಗಿದ್ದರು. ರಜೆಯಲ್ಲಿ ಬರುವ ಮಂದಿಯನ್ನು ಕೂರಿಸಿಕೊಂಡು ಹೊಳೆಯಲ್ಲಿ ವಿಹಾರ ಮಾಡಿಸಬೇಕು, ಅದಕ್ಕೊಂದು ಸಣ್ಣ ಡೀಸೆಲ್ ಇಂಜಿನ್ ಕೂಡಿಸಬೇಕು ಎಂಬುದು ಅವನ ಆಸೆ. ತೊಡಕು ಇದ್ದದ್ದು ಅಲ್ಲೇ. ನಮ್ಮ ಕಚೇರಿಯ ತಿಳಿವಳಿಕೆಯಂತೆ, ಹುಟ್ಟು ಹಾಕುವ ದೋಣಿಗೆ ರಾಜ್ಯದ ಪರವಾನಗಿ ಕೊಟ್ಟು ನಂಬರು ಬರೆಸಿದರೆ ಸಾಕು. ಇಂಜಿನ್ ಕೂತಿತೆಂದರೆ ಅದು ಕೇಂದ್ರದ ಕಾಯ್ದೆಗೆ ಸೇರುತ್ತದೆ. ಸರ್ವೆ ಬೇರೆ, ಸರ್ಟಿಫಿಕೇಟು ಬೇರೆ.

ಏಪ್ರಿಲ್‌ನಲ್ಲಿ ತಪಾಸಣೆಗೆ ಹೋದರೆ ದಂಡೆಯಲ್ಲಿ ದೋಣಿಯೇ ಇಲ್ಲ. ಹನುಮಪ್ಪನ ಹೆಂಡತಿ ಗಂಗವ್ವ ಆಚೆಯ ಮಡುವಿನತ್ತ ಕೈ ತೋರಿಸಿದಳು. ಮೊಣಕಾಲುದ್ದ ನೀರಿನಲ್ಲಿ ದೋಣಿ ಮುಳುಗಿತ್ತು. ಅದರ ಮೇಲೆ ದಪ್ಪ ಕಲ್ಲುಗಳನ್ನು ಹೇರಿದ್ದರು.

"ಬ್ಯಾಸಗ್ಯಾಗ ಹಿಂಗ ಮುಣಗಿಸಿ ಇಡತೇವ್ರಿ ಸಾಹೇಬ್ರ. ಬಿಸಲಿಗೆ ಬಿಟ್ರ ಹಲಗಿ ಬಿರೀತಾವ," ಎಂದ ಹನುಮಪ್ಪ.

ನಾನು ನಂಬಲಿಲ್ಲ. ಅಪ್ಪಣೆ ಇಲ್ಲದೆ ಇಂಜಿನ್ ಕೂಡಿಸಿ ಬಚ್ಚಿಟ್ಟಿದ್ದಾನೆ ಎಂದೇ ತಿಳಿದೆ. ಆರು ಜನರಿಂದ ದೋಣಿಯನ್ನು ದಂಡೆಗೆ ಎಳೆಸಿದೆ. ಇಂಜಿನ್ ಇರಲಿಲ್ಲ. ಅದರ ಬೋಲ್ಟಿಗಾಗಿ ಹಿಂಬದಿಯಲ್ಲಿ ಎರಡು ತೂತು ಮಾತ್ರ ಕೊರೆದಿದ್ದ. ಇಂಜಿನ್ ಇಲ್ಲದ, ಆದರೆ ಇಂಜಿನ್ನಿಗೆ ತೂತು ಇರುವ ದೋಣಿ ರಾಜ್ಯದ್ದೋ ಕೇಂದ್ರದ್ದೋ? ಮೇಲಿನ ಕಚೇರಿಗೆ ಬರೆದು ಕೇಳಿದೆ. ಉತ್ತರ ಬರುವವರೆಗೆ ದೋಣಿ ಇದ್ದಲ್ಲೇ ಇರಬೇಕು, ಯಾರೂ ಕದಲಿಸಬಾರದು ಎಂದು ಆರ್ಡರ್ ಮಾಡಿದೆ.

ಇಪ್ಪತ್ತು ದಿನಗಳ ಮೇಲೆ ಹನುಮಪ್ಪ ಕಚೇರಿಗೆ ಬಂದ. "ಹಸೀ ಗೋಣಿಚೀಲ ಹೊಚ್ಚೇನ್ರಿ. ನಮ್ಮಾಕಿ ದಿನಾ ಕೊಡದ್ಲೇ ನೀರ ಹಾಕ್ತಾಳ. ಸಾಲವಲ್ದು. ತಿರಗಿ ಮಡುವಿನ್ಯಾಗ ಬಿಡಾಕ ಅಪ್ಪಣಿ ಕೊಡ್ರಿ."

ಇಲ್ಲಿ ನನ್ನ ತಪ್ಪನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಅಷ್ಟರೊಳಗೆ ಬೇರೆ ಊರುಗಳ ದಂಡೆಯಲ್ಲೂ ದೋಣಿಗಳನ್ನು ಹೀಗೇ ಮುಳುಗಿಸಿಟ್ಟದ್ದನ್ನು ಕಣ್ಣಾರೆ ಕಂಡಿದ್ದೆ. ಅವನ ಮಾತು ನಿಜವೆಂದು ನನಗೆ ಗೊತ್ತಿತ್ತು. ಆದರೆ 'ಬಚ್ಚಿಟ್ಟಿದ್ದ ದೋಣಿಯನ್ನು ಪತ್ತೆ ಹಚ್ಚಲಾಗಿದೆ' ಎಂದು ನಾನೇ ರಿಪೋರ್ಟು ಕಳಿಸಿಯಾಗಿತ್ತು. ಈಗ ಅದೇ ದೋಣಿಯನ್ನು ಮುಳುಗಿಸಲು ಒಪ್ಪಿದರೆ ಮೇಲಿನವರ ಮುಂದೆ ನನ್ನ ಮರ್ಯಾದೆ ಏನಾದೀತು? "ಮ್ಯಾಲಿಂದ ಕಾಗದ ಬರಲಿ," ಎಂದೆ. ಅವನು ಕೈಮುಗಿದು ಹೋದ.

ಜೂನ್ ಕೊನೆಗೆ ಎರಡೇ ಸಾಲಿನ ಉತ್ತರ ಬಂತು: ಇಂಜಿನ್ ಕೂಡಿಸಿಲ್ಲವಾದ್ದರಿಂದ ರಾಜ್ಯದ ನಂಬರು ಸಾಕು. ಬಿಳಿ ಬಣ್ಣ ಹಿಡಿದು ನಾನೇ ಹೋಗಿ ನಂಬರು ಬರೆದೆ. ಹಲಗೆಗಳ ಸಂದಿಗೆ ಹನುಮಪ್ಪ ಅರಳೆ, ಡಾಂಬರು ತುಂಬಿದ್ದ. ನೋಡಲು ಎಲ್ಲ ಸರಿಯಾಗಿಯೇ ಇತ್ತು.

ದೋಣಿಯನ್ನು ನೀರಿಗೆ ಇಳಿಸಿದ ಮೇಲೆ ಅವನೊಬ್ಬನೇ ಹತ್ತಿ ಹೊರಟ. ಹೊಸ ನೀರು ಬಂದಿತ್ತು. ನಡುಹೊಳೆಯಲ್ಲಿ ತಳದ ಹಲಗೆ ಬಿಟ್ಟುಕೊಂಡು ದೋಣಿ ನೋಡನೋಡುತ್ತಲೇ ಕುಸಿಯಿತು. ಗಂಗವ್ವ ಚೀರಿದಳು. ನಾನು ದಂಡೆಯ ಮೇಲೆ ಬಣ್ಣದ ಡಬ್ಬಿ ಹಿಡಿದು ಸುಮ್ಮನೆ ನಿಂತಿದ್ದೆ. ಹನುಮಪ್ಪ ಈಜಿ ಬಂದು ಬದುಕಿದ. ದೋಣಿ ಬಂಡೆಗೆ ಬಡಿದು ಒಡೆಯಿತು. ರಿಪೋರ್ಟಿನಲ್ಲಿ 'ದೋಣಿ ಹಳೆಯದಾಗಿತ್ತು' ಎಂದು ಬರೆದು ಫೈಲು ಮುಚ್ಚಿದೆ.

1986ರಲ್ಲಿ ಒಂದು ದಿನ ಬಾದಾಮಿಯ ಬಸ್ಸು ತಪ್ಪಿ ಕುಳಗೇರಿ ಕ್ರಾಸಿನ ಚಹಾದಂಗಡಿಗೆ ಹೋದೆ. ಒಲೆಯ ಮುಂದೆ ಹನುಮಪ್ಪ! "ಬರ್ರಿ ಸಾಹೇಬ್ರ, ಕೂಡ್ರಿ," ಎಂದು ಬೆಂಚು ಒರೆಸಿದ. ಬೆಂಚಿನ ಹಲಗೆಯ ಮೇಲೆ ನಾನು ಬರೆದ ನಂಬರು ಅರ್ಧ ಅಳಿಸಿ ಉಳಿದಿತ್ತು.

ನನಗೆ ಕೂಡಲಾಗಲಿಲ್ಲ. "ತಪ್ಪು ನಂದಪ್ಪ. ನೀ ಕಚೇರಿಗೆ ಬಂದಾಗ ನಿನ್ನ ಮಾತು ಖರೆ ಅಂತ ನನಗ ಗೊತ್ತಿತ್ತು," ಎಂದುಬಿಟ್ಟೆ.

ಚಹಾ ಸೋಸುತ್ತಿದ್ದ ಅವನ ಕೈ ನಿಂತಿತು. "ಗೊತ್ತಿತ್ತೇನ್ರಿ?" ಎಂದ. ಸೋಸುವ ಅರಿವೆ ಕೆಳಗಿಟ್ಟು, "ಪಾಪ, ಸಾಹೇಬ್ರು ಹೊಳಿ ಕಾಣದ ಊರಾವ್ರು, ಅವರಿಗೇನ ಗೊತ್ತು ಅಂತ ನಮ್ಮಾಕಿಗೆ ಏಳು ವರ್ಸ ಹೇಳಕೋತ ಬಂದೇನಲ್ರಿ," ಎಂದ.

ತಿಳಿಯದೆ ಮಾಡಿದ ತಪ್ಪನ್ನು ಜನ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ. ತಿಳಿದ ದಿನವೇ ನಮ್ಮ ರಿಪೋರ್ಟನ್ನು ನಾವೇ ಹೊಡೆದು ಹಾಕದಿದ್ದರೆ, ಆಮೇಲೆ ಕ್ಷಮೆ ಕೇಳುವ ಬಾಯಿ ಉಳಿಯುವುದಿಲ್ಲ. ನೌಕರಿ ನನಗೆ ಕಲಿಸಿದ್ದು ಇದನ್ನೇ, ಅದೂ ತಡವಾಗಿ. ಹನುಮಪ್ಪ ಕಪ್ಪನ್ನು ನನ್ನ ಮುಂದಿಟ್ಟು ಬೇರೆ ಗಿರಾಕಿಯ ಕಡೆ ತಿರುಗಿದ. ಮತ್ತೊಮ್ಮೆ ಕೂಡ್ರಿ ಎನ್ನಲಿಲ್ಲ.